ದೇವದಾರು ಕಾಡಿಗೆ ಒಂದು ಹ್ಯಾಂಡ್ ಲೆನ್ಸ್: 10ಎಕ್ಸ್ ಟ್ರಿಪ್ಲೆಟ್ ಬಳಸಿ ನೋಡಿದ್ದು

ಹಿಮಾಚಲ, ಉತ್ತರಾಖಂಡದ ಎತ್ತರದ ಕಾಡುಗಳಿಗೆ ಹೊರಟವರು ಏನೇನು ಒಯ್ಯಬೇಕು ಅಂತ ಕೇಳಿದರೆ, ಶೂ, ಜಾಕೆಟ್ ಆದ ಮೇಲೆ ನಾನು ಹೇಳುವ ಮೊದಲ ವಸ್ತು ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಹ್ಯಾಂಡ್ ಲೆನ್ಸ್. ಮಡಚಿದರೆ ಹೆಬ್ಬೆರಳಷ್ಟು. ಜೇಬಲ್ಲಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಆ ಕಾಡುಗಳಲ್ಲಿ ಬೈನಾಕ್ಯುಲರ್‌ಗಿಂತ, ಫೋನಿನ ಕ್ಯಾಮೆರಾಗಿಂತ ಇದೇ ನನಗೆ ಹೆಚ್ಚು ಕೆಲಸಕ್ಕೆ ಬಂದಿದೆ. ಆನ್‌ಲೈನ್ ಅಂಗಡಿಗಳಲ್ಲಿ ಇದನ್ನು ಒಡವೆ ನೋಡುವವರಿಗೆ, ನಾಣ್ಯ ಕೂಡಿಡುವವರಿಗೆ ಅಂತ ಮಾರುತ್ತಾರೆ. ಕೆಳಗಿನ ರಿವ್ಯೂಗಳೂ ಅವರವೇ. ಗಿಡಮರ ನೋಡುವವರ ಕಡೆಯಿಂದ ಒಂದು ಇರಲಿ ಅಂತ ವಿವರವಾಗಿ ಬರೆಯುತ್ತಿದ್ದೇನೆ.

ನನ್ನದು 10ಎಕ್ಸ್ ಟ್ರಿಪ್ಲೆಟ್. ಗಾಜು 18 ಮಿಲಿಮೀಟರ್ ಅಗಲ, ಸುತ್ತ ಲೋಹದ ಕವಚ. ತಿರುಗಿಸಿದರೆ ಗಾಜು ಕವಚದೊಳಗೆ ಹೋಗಿ ಕೂರುತ್ತದೆ. ನಾನು ಕೊಟ್ಟದ್ದು ಸಾವಿರದ ಇನ್ನೂರರ ಆಸುಪಾಸು. ಟ್ರಿಪ್ಲೆಟ್ ಅಂದರೆ ಮೂರು ಗಾಜುಗಳನ್ನು ಒಂದಕ್ಕೊಂದು ಅಂಟಿಸಿ ಮಾಡಿದ್ದು. ಒಂದೇ ಗಾಜಿನ ಭೂತಗನ್ನಡಿಯಲ್ಲಿ ಅಂಚಿಗೆ ಹೋದಂತೆ ಚಿತ್ರ ಬಾಗುತ್ತದೆ, ಗೆರೆಗಳ ಪಕ್ಕ ನೀಲಿ, ಕೆಂಪು ಬಣ್ಣ ಇಣುಕುತ್ತದೆ. ಟ್ರಿಪ್ಲೆಟ್‌ನಲ್ಲಿ ಈ ಎರಡೂ ತೊಂದರೆ ಬಹುತೇಕ ಇಲ್ಲ. ಹಸಿರು ಎಲೆಯ ಮೇಲಿನ ಬಿಳಿ ಚುಕ್ಕಿ ನೋಡುವಾಗ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ನನ್ನ ಜೊತೆ ನಡೆಯುತ್ತಿದ್ದವರೊಬ್ಬರ ಬಳಿ 30 ಪಟ್ಟು ಅಂತ ಬರೆದಿದ್ದ, ಬಲ್ಬ್ ಇರುವ ಅಗ್ಗದ ಲೆನ್ಸ್ ಇತ್ತು. ನಡುವೆ ಒಂದು ಸಣ್ಣ ವೃತ್ತ ಮಾತ್ರ ಸ್ಪಷ್ಟ, ಉಳಿದದ್ದೆಲ್ಲ ಮಸುಕು. ಅರ್ಧ ದಿನ ಆದ ಮೇಲೆ ಅವರೂ ನನ್ನದನ್ನೇ ಕೇಳಿ ತಗೊಂಡು ನೋಡುತ್ತಿದ್ದರು.

ಈಗ ಕಾಡಿನ ಮಾತು. ನಾರ್ಕಂಡಾದಿಂದ ಹಾಟು ಶಿಖರದ ಕಡೆ ಹತ್ತುವ ದಾರಿ ಇರಲಿ, ಕುಲ್ಲು ಜಿಲ್ಲೆಯ ಜಲೋರಿ ಪಾಸ್ ಇರಲಿ, 2,500 ಮೀಟರ್ ದಾಟಿದರೆ ಸುತ್ತ ಕಾಣುವುದೆಲ್ಲ ಕಡುಹಸಿರು. ಮೊದಲ ಸಲ ಹೋದವರ ಬಾಯಲ್ಲಿ ಎಲ್ಲವೂ 'ಪೈನ್ ಮರ'. ಅದರಲ್ಲಿ ಕಡಿಮೆ ಅಂದರೂ ಐದು ಬಗೆ ಇರುತ್ತವೆ. ದೇವದಾರು, ಐದೈದು ಸೂಜಿಗಳ ಕೈಲ್ ಪೈನ್, ಅಲ್ಲಿನವರು ರೈ ಅನ್ನುವ ಸ್ಪ್ರೂಸ್, ತೋಶ್ ಅನ್ನುವ ಫರ್, ಇವುಗಳ ನೆರಳಲ್ಲಿ ನಿಧಾನಕ್ಕೆ ಬೆಳೆಯುವ ರಖಾಲ್, ಅಂದರೆ ಹಿಮಾಲಯದ ಯೂ. ಜಾಸ್ತಿ ಎತ್ತರದಲ್ಲಿ ಜುನಿಪರ್ ಕೂಡ ಸೇರಿಕೊಳ್ಳುತ್ತದೆ. ಮೂವತ್ತು, ನಲವತ್ತು ಮೀಟರ್ ಎತ್ತರದ ಮರದ ಬುಡದಲ್ಲಿ ನಿಂತು ಕತ್ತೆತ್ತಿ ನೋಡಿದರೆ ಯಾವುದು ಏನು ಅಂತ ಹೇಳುವುದು ಕಷ್ಟ. ಕೆಳಗೆ ಬಿದ್ದ ಒಂದು ಸಣ್ಣ ರೆಂಬೆ ಎತ್ತಿ ಲೆನ್ಸ್ ಹಿಡಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಎಲ್ಲರಿಗೂ ಗೊಂದಲ ಆಗುವುದು ರೈ ಮತ್ತು ತೋಶ್ ನಡುವೆ. ಎರಡೂ ಎತ್ತರ, ಎರಡೂ ನೆಟ್ಟಗೆ, ಎರಡೂ ಕಪ್ಪು ಹಸಿರು. ಮೊದಲು ಒಂದು ಸೂಜಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಇಟ್ಟು ಹೊರಳಿಸಿ. ಸ್ಪ್ರೂಸ್ ಸೂಜಿಗೆ ನಾಲ್ಕು ಮೂಲೆ, ಸಲೀಸಾಗಿ ಹೊರಳುತ್ತದೆ. ಫರ್ ಸೂಜಿ ಚಪ್ಪಟೆ, ಹೊರಳುವುದಿಲ್ಲ. ಆಮೇಲೆ ಸೂಜಿಗಳು ಉದುರಿದ ಜಾಗಕ್ಕೆ ಲೆನ್ಸ್ ಹಿಡಿಯಿರಿ. ಸ್ಪ್ರೂಸ್‌ನಲ್ಲಿ ಪ್ರತಿ ಸೂಜಿಯ ಅಡಿಗೂ ಒಂದು ಸಣ್ಣ ಗೂಟ ಇರುತ್ತದೆ. ಸೂಜಿ ಬಿದ್ದರೂ ಗೂಟ ಉಳಿಯುತ್ತದೆ. ಹಾಗಾಗಿ ಒಣ ರೆಂಬೆಯ ಮೇಲೆ ಬೆರಳಾಡಿಸಿದರೆ ತುರಿಮಣೆ ಮುಟ್ಟಿದ ಹಾಗೆ ತರಿತರಿ. ಫರ್‌ನಲ್ಲಿ ಗೂಟ ಇಲ್ಲ. ಸೂಜಿ ಕಳಚಿದ ಕಡೆ ದುಂಡಗಿನ, ನುಣುಪಾದ ಗುರುತು ಮಾತ್ರ. ಲೆನ್ಸಿನಲ್ಲಿ ಆ ವೃತ್ತದ ನಟ್ಟನಡುವೆ ಒಂದು ಚುಕ್ಕಿ ಕೂಡ ಕಾಣುತ್ತದೆ, ನೀರು ಹರಿಯುತ್ತಿದ್ದ ನಾಳದ ತುದಿ ಅದು. ಕಾಯಿಗಳಲ್ಲೂ ವ್ಯತ್ಯಾಸ ಇದೆ. ಸ್ಪ್ರೂಸ್ ಕಾಯಿ ಕೆಳಗೆ ಜೋತು ಬೀಳುತ್ತದೆ, ಇಡಿಯಾಗಿ ನೆಲಕ್ಕೆ ಬೀಳುತ್ತದೆ. ಫರ್ ಕಾಯಿ ರೆಂಬೆಯ ಮೇಲೆ ನೆಟ್ಟಗೆ ನಿಂತು, ಅಲ್ಲೇ ಬಿಡಿಬಿಡಿಯಾಗಿ ಉದುರುತ್ತದೆ. ಅದಕ್ಕೇ ಫರ್ ಮರದಡಿ ಎಷ್ಟು ಹುಡುಕಿದರೂ ಹಣ್ಣಾದ ಇಡೀ ಕಾಯಿ ಸಿಗುವುದು ಅಪರೂಪ. ಸಿಗುವುದು ಬರೀ ಬಿಡಿ ಸಿಪ್ಪೆಗಳು.

ಫರ್ ಸೂಜಿಯನ್ನು ಬೋರಲು ಮಾಡಿ ನೋಡಿ. ಈ ಲೆನ್ಸ್ ಕೊಂಡದ್ದು ಸಾರ್ಥಕ ಅಂತ ನನಗನ್ನಿಸಿದ್ದು ಅಲ್ಲಿ. ಬರಿಗಣ್ಣಿಗೆ ಎರಡು ಮಾಸಲು ಬಿಳಿ ಪಟ್ಟಿ. ಹತ್ತು ಪಟ್ಟಿನಲ್ಲಿ ಆ ಪಟ್ಟಿಗಳು ಸಾಲು ಸಾಲು ಚುಕ್ಕಿಗಳಾಗಿ ಒಡೆಯುತ್ತವೆ. ನೂಲು ಹಿಡಿದು ಇಟ್ಟಷ್ಟು ನೇರ ಸಾಲುಗಳು. ಒಂದೊಂದು ಚುಕ್ಕಿಯೂ ಎಲೆ ಉಸಿರಾಡುವ ಒಂದು ರಂಧ್ರ, ಬಿಳಿಯಾಗಿ ಕಾಣುವುದು ಅದರ ಬಾಯಲ್ಲಿ ತುಂಬಿದ ಮೇಣ. ಚಳಿಗಾಲದಲ್ಲಿ ಅಲ್ಲಿ ನೆಲದ ನೀರು ಗಡ್ಡೆ ಕಟ್ಟಿರುತ್ತದೆ, ಬೇರಿಗೆ ಸಿಗುವುದು ಕಷ್ಟ. ಆದರೆ ಬಿಸಿಲು, ಗಾಳಿ ಎಲೆಯ ನೀರನ್ನು ಎಳೆಯುತ್ತಲೇ ಇರುತ್ತವೆ. ಎಲೆ ಉದುರಿಸದೆ ನಿಲ್ಲುವ ಮರಕ್ಕೆ ಇರುವ ನೀರನ್ನು ಕಾಯುವುದೇ ದೊಡ್ಡ ಕೆಲಸ. ಎಲೆ ಅಷ್ಟು ಸಣ್ಣದಾಗಿರುವುದು, ದಪ್ಪ ಚರ್ಮ, ಈ ಮೇಣ, ಎಲ್ಲ ಅದಕ್ಕೇ. ಇದನ್ನು ಓದಿ ತಿಳಿದಿದ್ದೆ. ಕಣ್ಣಾರೆ ಆ ಸಾಲುಗಳನ್ನು ನೋಡಿದ ಮೇಲೆ ಮರ ಬೇರೆಯೇ ಆಗಿ ಕಂಡಿತು.

ಇನ್ನೂ ಮೇಲೆ ಹತ್ತಿದರೆ ಇನ್ನೊಂದು ಫರ್ ಸಿಗುತ್ತದೆ, ಏಬೀಸ್ ಸ್ಪೆಕ್ಟಾಬಿಲಿಸ್. ಕೆಳಗಿನದು ಏಬೀಸ್ ಪಿಂಡ್ರೋ. ದೂರದಿಂದ ಬೇರೆ ಮಾಡುವುದು ನನ್ನಿಂದಾಗದು. ಎಳೆ ರೆಂಬೆ ನೋಡಿದರೆ ಪಿಂಡ್ರೋದಲ್ಲಿ ಬೋಳು ಚರ್ಮ, ಸ್ಪೆಕ್ಟಾಬಿಲಿಸ್‌ನಲ್ಲಿ ಗೀರುಗೀರು, ಗೀರುಗಳ ಒಳಗೆ ಕಂದು ಬಣ್ಣದ ಸಣ್ಣ ಕೂದಲು. ಲೆನ್ಸ್ ಇಲ್ಲದೆ ಈ ಕೂದಲು ನೋಡುವ ಮಾತೇ ಇಲ್ಲ.

ರಖಾಲ್ ವಿಷಯ ಸ್ವಲ್ಪ ಬೇಸರದ್ದು. ಇದರ ಎಲೆಯೂ ಚಪ್ಪಟೆ, ಅಡಿಯಲ್ಲಿ ಎರಡು ಪಟ್ಟಿ. ಆದರೆ ಪಟ್ಟಿಗಳು ಬಿಳಿಯಲ್ಲ, ತಿಳಿ ಹಳದಿ ಹಸಿರು. ಎಲೆ ಹರಿದು ಮೂಸಿದರೆ ರಾಳದ ವಾಸನೆ ಬರುವುದಿಲ್ಲ, ಏಕೆಂದರೆ ಇದರ ಎಲೆಯಲ್ಲಿ ರಾಳದ ನಾಳಗಳೇ ಇಲ್ಲ. ಕೈ ತೊಳೆಯುವುದು ಮರೆಯಬೇಡಿ. ಬೀಜದ ಸುತ್ತ ಇರುವ ಕೆಂಪು ತಿರುಳು ಬಿಟ್ಟರೆ ಇಡೀ ಮರ ವಿಷ. ಕ್ಯಾನ್ಸರ್ ಔಷಧಿ ಟ್ಯಾಕ್ಸಾಲ್ ಮೊದಲು ಸಿಕ್ಕಿದ್ದು ಅಮೆರಿಕದ ಯೂ ಮರದ ತೊಗಟೆಯಲ್ಲಿ. ಅದರ ರಚನೆಯನ್ನು ರಸಾಯನ ವಿಜ್ಞಾನಿಗಳಾದ ಮನ್ರೋ ವಾಲ್, ಮನ್ಸುಖ್ ವಾನಿ ಮತ್ತು ಜೊತೆಗಾರರು 1971ರಲ್ಲಿ ಪ್ರಕಟಿಸಿದರು. ವಾನಿ ಮಹಾರಾಷ್ಟ್ರದ ನಂದುರ್‌ಬಾರ್‌ನವರು. 1992ರಲ್ಲಿ ಅಮೆರಿಕದಲ್ಲಿ ಅಂಡಾಶಯದ ಕ್ಯಾನ್ಸರ್‌ಗೆ ಅದನ್ನು ಬಳಸಲು ಅನುಮತಿ ಸಿಕ್ಕಿತು. ಆ ಹೊತ್ತಿಗೆ ಹಿಮಾಲಯದ ಮರಗಳ ಮೇಲೂ ಕಣ್ಣು ಬಿತ್ತು. ಎಲೆ, ತೊಗಟೆ ಸುಲಿದು ಸಾಗಿಸಿದರು. ಅಷ್ಟು ನಿಧಾನವಾಗಿ ಬೆಳೆಯುವ ಮರ ಅದನ್ನು ತಡೆಯುವುದು ಹೇಗೆ? ದಾರಿಯಲ್ಲಿ ಹಳೆಯ, ದಪ್ಪ ಕಾಂಡದ ರಖಾಲ್ ಕಂಡರೆ ನಾನು ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಕೈಲ್ ಗುರುತಿಸಲು ಲೆನ್ಸ್ ಬೇಕಿಲ್ಲ. ಒಂದು ಗೊಂಚಲಿಗೆ ಐದು ಸೂಜಿ, ಉದ್ದ, ಜೋಲು. ಕೆಳಗಿನ ಬೆಟ್ಟಗಳ ಚೀಡ್ ಪೈನ್‌ಗೆ ಮೂರು. ಹಾಗಿದ್ದರೂ ಕೈಲ್ ಮರಕ್ಕೆ ಲೆನ್ಸ್ ಹಿಡಿಯಿರಿ ಅನ್ನುತ್ತೇನೆ, ಬೇರೆ ಕಾರಣಕ್ಕೆ. ಕೆಲವು ಕೈಲ್ ಮರಗಳಲ್ಲಿ ರೆಂಬೆಗಳು ಒಂದೇ ಕಡೆ ಒತ್ತೊತ್ತಾಗಿ ಪೊದೆ ಕಟ್ಟಿರುತ್ತವೆ. ಕೈಗೆಟುಕುವ ಎತ್ತರದಲ್ಲಿ ಅಂಥದು ಸಿಕ್ಕರೆ ಎಳೆ ರೆಂಬೆಯ ಸಿಪ್ಪೆಯನ್ನು ನಿಧಾನವಾಗಿ ನೋಡುತ್ತಾ ಹೋಗಿ. ಹಳದಿ ಹಸಿರು ಬಣ್ಣದ, ಕೆಲವೇ ಮಿಲಿಮೀಟರ್ ಉದ್ದದ ಮೊಳಕೆಗಳು ತೊಗಟೆಯಿಂದ ಹೊರಗೆ ಬಂದಿರುತ್ತವೆ. ಅದು ಬಂದಳಿಕೆ. ನಮ್ಮ ಮಾವಿನ ಮರದಲ್ಲಿ ಕಾಣುವ ಬಂದಳಿಕೆಗೆ ದೂರದ ನಂಟು, ಗಾತ್ರದಲ್ಲಿ ಮಾತ್ರ ಹೋಲಿಕೆಯೇ ಇಲ್ಲ. ಸಸ್ಯವಿಜ್ಞಾನಿ ಜೋಸೆಫ್ ಹೂಕರ್ ಇದಕ್ಕೆ ಆರ್ಸ್ಯುಥೋಬಿಯಂ ಮಿನ್ಯುಟಿಸಿಮಂ ಅಂತ ಹೆಸರಿಟ್ಟರು. ಬಂದಳಿಕೆಗಳಲ್ಲೇ ತೀರಾ ಚಿಕ್ಕದು. ಗಿಡದ ಮುಕ್ಕಾಲು ಭಾಗ ತೊಗಟೆಯ ಒಳಗೆ ಎಳೆಎಳೆಯಾಗಿ ಹರಡಿರುತ್ತದೆ. ಹೂ ಬಿಡಲು, ಕಾಯಿ ಬಿಡಲು ಮಾತ್ರ ಹೊರಗೆ ತಲೆ ಹಾಕುತ್ತದೆ. ಹತ್ತು ಪಟ್ಟಿನಲ್ಲಿ ಅದರ ಹೂವಿನ ದಳಗಳು ಕಾಣುತ್ತವೆ. ಬರಿಗಣ್ಣಿಗೆ ತೊಗಟೆಯ ಮೇಲಿನ ಧೂಳು ಅನ್ನಿಸುವ ಜಾಗದಲ್ಲಿ ಒಂದು ಪೂರ್ತಿ ಹೂಗಿಡ!

ಮಾವಿನ ಬಂದಳಿಕೆಯ ಬೀಜವನ್ನು ಹಕ್ಕಿ ಸಾಗಿಸುತ್ತದೆ. ಈ ಕುಲದ ಗಿಡಗಳಿಗೆ ಹಕ್ಕಿಯ ಹಂಗು ಅಷ್ಟಿಲ್ಲ. ಕಾಯಿಯೊಳಗೆ ನೀರಿನ ಒತ್ತಡ ಏರಿ, ತೊಟ್ಟು ಕಳಚಿದ ಕ್ಷಣ ಬೀಜ ಸಿಡಿಯುತ್ತದೆ. ಈ ಕುಲದಲ್ಲಿ ಅಳೆದು ನೋಡಿದ ವೇಗ ಗಂಟೆಗೆ 80 ಕಿಲೋಮೀಟರ್‌ಗಿಂತ ಹೆಚ್ಚು. ಬೀಜದ ಮೈಗೆ ಅಂಟು ಇರುತ್ತದೆ, ಹೋಗಿ ತಾಗಿದ ಸೂಜಿಗೆ ಅಂಟುತ್ತದೆ. ಮಳೆ ಬಂದಾಗ ಅಂಟು ನೆನೆದು ಬೀಜ ಜಾರಿ ಸೂಜಿಯ ಬುಡಕ್ಕೆ, ಅಂದರೆ ರೆಂಬೆಗೇ, ಬಂದು ಕೂರುತ್ತದೆ. ಅರಣ್ಯ ಇಲಾಖೆಯವರಿಗೆ ಇದು ತಲೆನೋವು, ಮರ ಸೊರಗುತ್ತದೆ. ನನಗೆ ಮಾತ್ರ ಈ ಕಾಡಿನಲ್ಲಿ ಲೆನ್ಸ್ ತೋರಿಸಿದ್ದರಲ್ಲಿ ಇದಕ್ಕೆ ಮೊದಲ ಸ್ಥಾನ.

ನೆಲದ ಮೇಲೆ ನೋಡಲು ಎಷ್ಟಿದೆ ಅಂದರೆ, ಮಂಡಿಯೂರಿ ಕೂತರೆ ಏಳಲು ಮನಸ್ಸಾಗುವುದಿಲ್ಲ. ಮಳೆಗಾಲದಲ್ಲಿ ಹೋದರೆ ಮೊನೋಟ್ರೋಪ ಸಿಗಬಹುದು. ಪೂರ್ತಿ ಬಿಳಿ ಗಿಡ, ಹಸಿರು ಅನ್ನುವುದೇ ಇಲ್ಲ. ತಲೆ ಬಗ್ಗಿಸಿದ ಒಂದೇ ಹೂವು. ಕಾಯಿ ಕಟ್ಟುವಾಗ ತಲೆ ನೆಟ್ಟಗಾಗುತ್ತದೆ. ಇದರ ಊಟ ಬರುವುದು ಮಣ್ಣಿನೊಳಗಿನ ಶಿಲೀಂಧ್ರದಿಂದ, ಶಿಲೀಂಧ್ರಕ್ಕೆ ಅದು ಬರುವುದು ಪಕ್ಕದ ಮರದ ಬೇರಿನಿಂದ. ಲೆನ್ಸ್ ಹಿಡಿದರೆ ಕಾಂಡದ ಮೇಲೆ ಅರೆಪಾರದರ್ಶಕ ಸಿಪ್ಪೆಗಳು ಕಾಣುತ್ತವೆ. ಎಲೆಗಳಾಗಿ ಉಳಿದಿರುವುದು ಅಷ್ಟೇ. ಪಾಚಿಯ ನಡುವೆ ಗುಡಿಯೇರ ರೆಪೆನ್ಸ್ ಅನ್ನುವ ಪುಟ್ಟ ಆರ್ಕಿಡ್ ಇದ್ದರೆ ಅದೃಷ್ಟ. ಹೂವು ಅರ್ಧ ಸೆಂಟಿಮೀಟರ್ ಕೂಡ ಇರುವುದಿಲ್ಲ. ಬರಿಗಣ್ಣಿಗೆ ಬಿಳಿ ಮೊಗ್ಗು ಅನ್ನಿಸುತ್ತದೆ, ಲೆನ್ಸಿನಲ್ಲಿ ತುಟಿ, ಕೂದಲು ಎಲ್ಲ ಇರುವ ಪೂರ್ತಿ ಆರ್ಕಿಡ್.

ಪಾಚಿಗೂ ಒಂದು ಪ್ರಯೋಗ ಇದೆ. ಪಾಚಿಯ ಮೇಲೆ ಕಂದು ಬಣ್ಣದ ತೆಳ್ಳನೆ ಕಡ್ಡಿ, ಅದರ ತುದಿಯಲ್ಲಿ ಬೀಜಾಣುಗಳ ಡಬ್ಬಿ ಇರುತ್ತದಲ್ವಾ? ಮುಚ್ಚಳ ಬಿದ್ದ ಡಬ್ಬಿಯ ಬಾಯಿಗೆ ಲೆನ್ಸ್ ಹಿಡಿದರೆ ಸುತ್ತಲೂ ಹಲ್ಲುಗಳು. ಹಲವು ಜಾತಿಗಳಲ್ಲಿ ಹದಿನಾರು. ಈಗ ಬಾಯಿಂದ ಮೆಲ್ಲಗೆ ಬಿಸಿ ಉಸಿರು ಬಿಡಿ. ತೇವ ತಾಗಿದ ಹಲ್ಲುಗಳು ನಿಮ್ಮ ಕಣ್ಣೆದುರೇ ಬಾಗುತ್ತವೆ, ಒಣಗಿದರೆ ಮತ್ತೆ ತಿರುಗುತ್ತವೆ. ಎಲ್ಲ ಪಾಚಿಯಲ್ಲೂ ಇಷ್ಟು ಚೆನ್ನಾಗಿ ಆಗುವುದಿಲ್ಲ, ಎರಡು ಮೂರು ಕಡೆ ಪ್ರಯತ್ನಿಸಿ. ಮಕ್ಕಳು ಜೊತೆಗಿದ್ದರೆ ಇದನ್ನೇ ಮೊದಲು ತೋರಿಸಿ.

ಜರಿಗಿಡಗಳದು ಬೇಗ ಹೇಳಿಬಿಡುತ್ತೇನೆ. ಎಲೆಯ ಅಡಿಯ ಬೀಜಾಣು ಗುಂಪಿನ ಮುಚ್ಚಳ ದುಂಡಗಿದ್ದು ನಡುವೆ ಅಂಟಿಕೊಂಡಿದ್ದರೆ ಪಾಲಿಸ್ಟಿಕಂ, ಮೂತ್ರಪಿಂಡದ ಆಕಾರ ಇದ್ದರೆ ಡ್ರಯೊಪ್ಟೆರಿಸ್. ರೆಂಬೆಗಳಿಂದ ಗಡ್ಡ ಬಿಟ್ಟಂತೆ ತೂಗುವ ಉಸ್ನಿಯಾ ಕಲ್ಲುಹೂವಿನ ಬಿದ್ದ ಎಳೆಯೊಂದನ್ನು ಎರಡೂ ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ಹೊರಗಿನ ಬೂದುಹಸಿರು ಸಿಪ್ಪೆ ಬಿರಿದು ಒಳಗೆ ಎಳೆದರೆ ಹಿಗ್ಗುವ ಬಿಳಿ ದಾರ ಕಾಣುತ್ತದೆ. ಬೇರೆ ಗಡ್ಡದ ಕಲ್ಲುಹೂವುಗಳಿಂದ ಇದನ್ನು ಗುರುತಿಸುವುದೇ ಹಾಗೆ. ಮರಗಳು ಮುಗಿದು ಪೊದೆಗಳು ಶುರುವಾಗುವ ಎತ್ತರದಲ್ಲಿ ರೋಡೋಡೆಂಡ್ರಾನ್ ಕ್ಯಾಂಪಾನುಲೇಟಂ ಎಲೆ ತಿರುಗಿಸಿ ನೋಡಿ. ಅಡಿಯಲ್ಲಿ ದಪ್ಪ ಕಂದು ತುಪ್ಪಳ. ಅದಕ್ಕಿಂತ ಮೇಲೆ ಸಿಗುವ ಘಮಘಮ ಎಲೆಯ ರೋಡೋಡೆಂಡ್ರಾನ್ ಆಂಥೋಪೋಗಾನ್‌ನಲ್ಲಿ ತುಪ್ಪಳದ ಬದಲು ಒತ್ತಾಗಿ ಜೋಡಿಸಿದ ಸಣ್ಣ ಹುರುಪೆಗಳು.

ಬಳಸುವ ರೀತಿ ಮುಖ್ಯ. ಹೆಚ್ಚಿನವರು ಲೆನ್ಸನ್ನು ಎಲೆಯ ಹತ್ತಿರ ಹಿಡಿದು ತಾವು ದೂರ ನಿಂತು ನೋಡುತ್ತಾರೆ. ಹಾಗೆ ಮಾಡಿದರೆ ಕಾಣುವ ಜಾಗ ತುಂಬಾ ಕಿರಿದು. ಲೆನ್ಸನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಇಟ್ಟುಕೊಳ್ಳಿ, ಆ ಕೈಯನ್ನು ಕೆನ್ನೆಗೆ ಒತ್ತಿ ನಿಲ್ಲಿಸಿ, ಎಲೆಯನ್ನು ಲೆನ್ಸಿನ ಕಡೆ ತನ್ನಿ. 10ಎಕ್ಸ್‌ನಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್ ದೂರಕ್ಕೆ ಬಂದಾಗ ಸ್ಪಷ್ಟ ಆಗುತ್ತದೆ. 20ಎಕ್ಸ್ ಕೊಂಡರೆ ಈ ದೂರ ಅರ್ಧಕ್ಕೆ ಇಳಿಯುತ್ತದೆ, ಬೆಳಕು ಒಳಗೆ ಬರಲು ಜಾಗವೇ ಇರುವುದಿಲ್ಲ, ಕೈಯ ಸಣ್ಣ ನಡುಕವೂ ದೊಡ್ಡದಾಗಿ ಕಾಣುತ್ತದೆ. ಕಾಡಿಗೆ 10 ಸಾಕು. ಕನ್ನಡಕ ಹಾಕುವವರಿಗೆ 18ರ ಬದಲು 21 ಮಿಲಿಮೀಟರ್ ಗಾಜು ಹೆಚ್ಚು ಆರಾಮ.

ಕೊರತೆಗಳೂ ಇವೆ. ಜೊತೆಗೆ ದಾರ ಕೊಟ್ಟಿರಲಿಲ್ಲ. ಇಷ್ಟು ಸಣ್ಣ ವಸ್ತು ಸೂಜಿ ಎಲೆಗಳ ರಾಶಿಯಲ್ಲಿ ಬಿದ್ದರೆ ಹುಡುಕುವುದು ಕಷ್ಟ, ಹಾಗಾಗಿ ಕೆಂಪು ದಾರವೊಂದನ್ನು ನಾನೇ ಕಟ್ಟಿಕೊಂಡೆ. ಕವಚದ ತಿರುಪು ಕೆಲವು ವಾರಗಳಲ್ಲಿ ಸಡಿಲಾಯಿತು, ಕನ್ನಡಕದ ಸ್ಕ್ರೂಡ್ರೈವರ್ ಬೇಕಾಯಿತು. ಚಳಿಯಲ್ಲಿ ಲೋಹ ಮತ್ತು ಗಾಜು ತಣ್ಣಗಾಗಿ, ಕಣ್ಣಿನ ಹತ್ತಿರ ತಂದ ಕೂಡಲೇ ಉಸಿರಿನಿಂದ ಮಂಜು ಕಟ್ಟುತ್ತದೆ. ಅಂಗಿಯ ಒಳಗೆ, ಮೈಗೆ ತಾಗುವಂತೆ ತೂಗಿಸಿಕೊಂಡರೆ ಈ ತೊಂದರೆ ಇಲ್ಲ. ಫರ್, ಕೈಲ್ ಮುಟ್ಟಿದ ಕೈಗೆ ರಾಳ ಅಂಟುತ್ತದೆ, ಅದು ಗಾಜಿಗೂ ಹೋಗುತ್ತದೆ. ನೀರಿಗೆ ಬಗ್ಗುವುದಿಲ್ಲ, ಸ್ಪಿರಿಟ್ ಹಚ್ಚಿದ ಮೆತ್ತನೆ ಬಟ್ಟೆಗೆ ಬಿಡುತ್ತದೆ. ಇನ್ನೊಂದು ಎಚ್ಚರಿಕೆ: ಬೇಸಿಗೆಯಲ್ಲಿ ಒಣ ಸೂಜಿಗಳ ಮೇಲೆ ಬಿಸಿಲಿಗೆ ಲೆನ್ಸ್ ತೆರೆದಿಟ್ಟು ಊಟಕ್ಕೆ ಕೂರಬೇಡಿ. ಬೆಂಕಿ ಹೊತ್ತಲು ಅಷ್ಟು ಸಾಕು.

ಕಿತ್ತು ನೋಡುವ ಅಭ್ಯಾಸ ಬೇಡ. ಗ್ರೇಟ್ ಹಿಮಾಲಯನ್ ನ್ಯಾಷನಲ್ ಪಾರ್ಕ್, 2014ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಅಂಥ ಉದ್ಯಾನಗಳ ಒಳಗಿನ ಗಿಡಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಬಿದ್ದ ರೆಂಬೆ ಎತ್ತಿ ನೋಡಿ, ಅಲ್ಲೇ ಬಿಡಿ. ನೆಲದ ಗಿಡಕ್ಕೆ ನೀವೇ ಬಗ್ಗಿ. ಮೂರು ಎಲೆಯ ನಾಗಛತ್ರಿ, ಅಂದರೆ ಟ್ರಿಲಿಯಂ ಗೊವಾನಿಯಾನಂ, ಫರ್ ಕಾಡಿನ ನೆರಳಲ್ಲಿ ಬೆಳೆಯುತ್ತದೆ. ಗಡ್ಡೆಗೆ ಒಳ್ಳೆ ದುಡ್ಡು ಸಿಗುತ್ತದೆ ಅಂತ ಅಗೆದು ಅಗೆದು ಹಲವು ಕಡೆ ಖಾಲಿ ಮಾಡಿದ್ದಾರೆ. ಅಂಥ ಗಿಡ ಕಂಡರೆ ಫೋಟೋ ತೆಗೆಯಿರಿ, ಜಾಗದ ಹೆಸರು ಹಾಕಿ ಎಲ್ಲೂ ಹಂಚಬೇಡಿ. ಇದನ್ನು ಕೈಮುಗಿದು ಕೇಳುತ್ತೇನೆ.

ಕೊಳ್ಳುವ ಮುಂಚೆ ಪರೀಕ್ಷಿಸಲು ಹಿಮಾಲಯಕ್ಕೇ ಹೋಗಬೇಕಿಲ್ಲ. ಹತ್ತಿರದಲ್ಲಿ ಗಾಳಿ ಮರ ಇದ್ದರೆ ಸಾಕು. ಸೂಜಿ ಎಲೆ, ಸಣ್ಣ ಕಾಯಿ ನೋಡಿ ಅದೂ ಪೈನ್ ಜಾತಿ ಅಂತ ತುಂಬಾ ಜನ ತಿಳಿದಿರುತ್ತಾರೆ. ಅದು ಹೂ ಬಿಡುವ ಮರ. ಸೂಜಿ ಅನ್ನಿಸುವುದು ನಿಜಕ್ಕೂ ಗಂಟುಗಂಟಾದ ಹಸಿರು ಕಡ್ಡಿ. ಪ್ರತಿ ಗಂಟಿನಲ್ಲೂ ಸುತ್ತ ಆರರಿಂದ ಎಂಟು ಸಣ್ಣ ಹಲ್ಲುಗಳಿರುತ್ತವೆ, ಅವೇ ಎಲೆಗಳು. ನೀವು ಕೈಯಲ್ಲಿ ಹಿಡಿದ ಲೆನ್ಸಿನಲ್ಲಿ ಆ ಹಲ್ಲುಗಳನ್ನು ಎಣಿಸಲು ಆದರೆ, ಅಂಚಿನಲ್ಲಿ ನೀಲಿ ಬಣ್ಣ ಕಾಣದಿದ್ದರೆ, ತಗೊಳ್ಳಿ. ಆಗದಿದ್ದರೆ ವಾಪಸ್ ಕಳಿಸಿ, ಟ್ರಿಪ್ಲೆಟ್ ಅಂತ ಸ್ಪಷ್ಟವಾಗಿ ಬರೆದಿರುವ ಬೇರೆಯದನ್ನು ತರಿಸಿ.